ಪುಟ್ಟಸ್ವಾಮಿಯ ಮಡಚು ಚಾಕು

ಮೊನ್ನೆ ಶಿರಾ ಗೇಟಿನ ಹತ್ತಿರದ ಅಂಗಡಿಯೊಂದಕ್ಕೆ ಟಾರ್ಚಿನ ಬ್ಯಾಟರಿ ತರಲು ಹೋಗಿದ್ದೆ. ನನಗಿಂತ ಮೊದಲು ಬಂದಿದ್ದ ಯುವಕನೊಬ್ಬನಿಗೆ ಅಂಗಡಿಯವನು ಮಡಚುವ ಚಾಕುಗಳನ್ನು ತೋರಿಸುತ್ತಿದ್ದ. ಹೆಬ್ಬೆರಳಿನಿಂದ ಒಂದು ಸಣ್ಣ ಗುಂಡಿಯನ್ನು ತಳ್ಳಿದರೆ ಸಾಕು, ಟಪ್ ಎಂದು ಅಲಗು ಹೊರಕ್ಕೆ ನೆಗೆಯುತ್ತಿತ್ತು. "ಒಂದೇ ಕೈ ಸಾಕು ಸಾರ್, ಇನ್ನೊಂದು ಕೈಲಿ ಫೋನ್ ಹಿಡ್ಕೊಂಡು ಮಾತಾಡ್ತಾನೇ ಇರ್ಬೋದು" ಎಂದು ಅವನು ಟಪ್ ಟಪ್ ಎನ್ನಿಸುತ್ತಲೇ ಇದ್ದ. ಆ ಶಬ್ದ ಕೇಳಿದ್ದೇ ತಡ, ನನ್ನ ಬಲಗೈ ಹೆಬ್ಬೆರಳಿನ ಉಗುರು ಚುಳ್ ಎಂದಿತು. ಉಗುರನ್ನು ಕಣ್ಣ ಹತ್ತಿರ ತಂದು ನೋಡಿಕೊಂಡೆ. ಏನೂ ಆಗಿರಲಿಲ್ಲ. ಡಾಕ್ಟರಿಗೆ ತೋರಿಸುವಂಥ ನೋವಲ್ಲ ಅದು. ನನ್ನ ಯೌವನಕ್ಕೆ ಸೇರಿದ ನೋವು. ಅದಕ್ಕೊಂದು ಹೆಸರೂ ಇದೆ, ಪುಟ್ಟಸ್ವಾಮಿ ಅಂತ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನಾಗ ತುಮಕೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಡೆಮಾನ್‌ಸ್ಟ್ರೇಟರ್ ಎಂದರೆ ಹುಡುಗರು ಒಡೆದ ಪ್ರನಾಳಗಳನ್ನು ಗುಡಿಸುವವನಿಗೂ ಪಾಠ ಹೇಳುವ ಲೆಕ್ಚರರಿಗೂ ನಡುವೆ ಇರುವ ಒಂದು ಪ್ರಾಣಿ. ಶಿರಾ ಗೇಟಿನ ಹತ್ತಿರ, ಹಿಟ್ಟಿನ ಗಿರಣಿಯ ಹಿಂದಿನ ಕೋಣೆಯೊಂದರಲ್ಲಿ ನನ್ನ ವಾಸ. ಗಿರಣಿ ಓಡುವಾಗ ಇಡೀ ಕೋಣೆ ನಡುಗುತ್ತಿತ್ತು. ಸಂಜೆಯ ಹೊತ್ತಿಗೆ ನಮ್ಮ ಹುಬ್ಬುಗಳು ಅಕಾಲದಲ್ಲಿ ನೆರೆತಂತೆ ರಾಗಿಹಿಟ್ಟಿನಿಂದ ಬೆಳ್ಳಗಾಗಿರುತ್ತಿದ್ದವು. 'ನಮ್ಮ' ಎಂದೆ, ಏಕೆಂದರೆ ಆ ಕೋಣೆಯಲ್ಲಿ ಪುಟ್ಟಸ್ವಾಮಿಯೂ ಇದ್ದ. ಬೆಳ್ಳಾವಿ ಕಡೆಯವನು. ಊರಲ್ಲಿ ತೆಂಗಿನ ತೋಟ, ಅಣ್ಣಂದಿರು ಎಲ್ಲ ಇದ್ದರು. ಇವನು ಅಂತರಸನಹಳ್ಳಿಯ ಕಾರ್ಖಾನೆಯೊಂದರಲ್ಲಿ ತಯಾರಾದ ಬೋಲ್ಟುಗಳನ್ನು ಕೈಗೆತ್ತಿಕೊಂಡು ನೋಡಿ, ಇದು ಸರಿ ಇದು ಸರಿಯಿಲ್ಲ ಎಂದು ಬೇರ್ಪಡಿಸುವ ಕೆಲಸ ಮಾಡುತ್ತಿದ್ದ. ಆ ಕೆಲಸವನ್ನು ಅವನು ಸೈಕಲ್ಲಿಗೆ ಕಟ್ಟಿಕೊಂಡು ಮನೆಗೂ ತರುತ್ತಿದ್ದನೆಂದು ಕಾಣುತ್ತದೆ. ಮನುಷ್ಯರನ್ನೂ ಹಾಗೇ ನೋಡಿ ಬೇರ್ಪಡಿಸುತ್ತಿದ್ದ. ಅದಕ್ಕಾಗಿ ಅವನ ಬಳಿ ಇದ್ದ ಸಾಧನವೇ ಆ ಮಡಚು ಚಾಕು.

ಎಮ್ಮೆ ಕೊಂಬಿನ ಹಿಡಿ, ಕಪ್ಪಗೆ ನುಣ್ಣಗೆ. ನಡುವೆ ಕೊಂಚ ಉಬ್ಬಿ, ತುದಿಗೆ ಬರುಬರುತ್ತ ಬಾಗಿ, ಅಂಗೈಯ ಗುಳಿಗೆಂದೇ ಅಳತೆ ತೆಗೆದು ಮಾಡಿದ ಹಾಗಿತ್ತು. ಅದನ್ನು ಹಿಡಿದವರಿಗೆ ವಾಪಸು ಕೊಡಲು ಮನಸ್ಸೇ ಬರುತ್ತಿರಲಿಲ್ಲ. ಬಾಡಿಗೆ ಕೇಳಲು ಬಂದ ಗಿರಣಿಯ ಮಾಲೀಕ ಒಮ್ಮೆ ಅದನ್ನು ಹಿಡಿದುಕೊಂಡು ಕೂತವನು ತನ್ನ ಹೆಂಡತಿಯ ಕಾಯಿಲೆ, ತಮ್ಮನ ಕೋರ್ಟು ವ್ಯಾಜ್ಯ ಎಲ್ಲ ಹೇಳಿ, ಬಾಡಿಗೆ ಮರೆತು ಎದ್ದು ಹೋಗಿದ್ದ. ಪುಟ್ಟಸ್ವಾಮಿ ಅದನ್ನು ಹಿಡಿದೇ ಪೇಪರು ಓದುತ್ತಿದ್ದ, ಹಿಡಿದೇ ನಿದ್ದೆ ಹೋಗುತ್ತಿದ್ದ.

ಹಿಡಿ ಹೀಗಾದರೆ, ತೆರೆಯುವ ಬಗೆ ಇನ್ನೊಂದು. ಉಗುರು ಸಿಕ್ಕಿಸಲು ಅಲಗಿನ ಬೆನ್ನ ಮೇಲೆ ಒಂದು ಗೀರು ಇರುತ್ತದಲ್ಲ, ಅದರಲ್ಲಿ ಉಗುರಿಟ್ಟು ಎಳೆದರೆ ಉಗುರು ಬರುತ್ತಿತ್ತೇ ಹೊರತು ಅಲಗು ಬರುತ್ತಿರಲಿಲ್ಲ. ಕೋಣೆಗೆ ಯಾರೇ ಬರಲಿ, ಪುಟ್ಟಸ್ವಾಮಿ ಕಾಫಿ ಕೊಡುವ ಮೊದಲು ಚಾಕು ಕೊಡುತ್ತಿದ್ದ. "ತೆಗೀರಿ ನೋಡಾನ" ಎಂದು ಕಣ್ಣು ಕಿರಿದು ಮಾಡಿ ಕೂರುತ್ತಿದ್ದ. ಕೆಲವರು ಹಲ್ಲು ಹಾಕುತ್ತಿದ್ದರು. ಕೆಲವರು ಬಾಗಿಲ ಸಂದಿಗೆ ಸಿಕ್ಕಿಸುತ್ತಿದ್ದರು. ನಮ್ಮ ಕಾಲೇಜಿನ ಸಂಸ್ಕೃತ ಪಂಡಿತರು ಅದನ್ನು ತಿರುಗಿಸಿ ನೋಡಿ, ನಮಸ್ಕರಿಸುವಂತೆ ಎರಡೂ ಕೈಯಿಂದ ಹಿಂದಿರುಗಿಸಿದ್ದರು. ಬಂದವರು ಹೋದ ಮೇಲೆ ಪುಟ್ಟಸ್ವಾಮಿಯ ತೀರ್ಪು ಹೊರಬೀಳುತ್ತಿತ್ತು. "ಹಲ್ಲು ಹಾಕ್ದೋನ ನಂಬ್ಬಾರ್ದು ಕಣಯ್ಯ. ಪಂಡಿತ್ರು ಒಳ್ಳೇವ್ರು, ಆದ್ರೆ ಕಷ್ಟಕ್ಕಾಗಲ್ಲ."

"ಇಷ್ಟು ಬಿಗಿ ಇರೋ ಚಾಕು ಯಾತಕ್ಕೆ ಬಂತು ಮಾರಾಯ?" ಎಂದರೆ, "ಥಟ್ ಅಂತ ತೆರ್ಕೊಳ್ಳೋ ಚಾಕು ಥಟ್ ಅಂತ ಬೆರಳು ಕುಯ್ತದೆ. ಚಾಕು ಅನ್ನೋದು ತೆರ್ಕೊಳ್ಳೋಕ್ ಮುಂಚೆ ಸ್ವಲ್ಪ ಯೋಚ್ನೆ ಮಾಡ್ಬೇಕು" ಎನ್ನುತ್ತಿದ್ದ.

ಊರಿನಲ್ಲಿ ಅಣ್ಣಂದಿರು ಅವನಿಗೆ ಹೆಣ್ಣು ಹುಡುಕತೊಡಗಿದಾಗ ಈ ಚಾಕುವಿನ ಕಥೆ ಕೋಣೆಯಿಂದ ಹೊರಬಿತ್ತು. ಮೊದಲು ನೋಡಿದ್ದು ಗುಬ್ಬಿಯ ಹೆಣ್ಣನ್ನು. ಅಣ್ಣಂದಿರಿಗೆ ಕೊಬ್ಬರಿ ಸುಲಿಸುವ ಕೆಲಸವಿತ್ತೆಂದು ನನ್ನನ್ನೇ ಹಿರಿಯನನ್ನಾಗಿ ಮಾಡಿ ಕಳಿಸಿದರು. ಅವನಿಗಿಂತ ನಾನು ಒಂದು ವರ್ಷ ಚಿಕ್ಕವನು; ಕನ್ನಡಕ ಇದ್ದದ್ದರಿಂದ ನಡೆಯಿತು. ಹೆಣ್ಣಿನ ತಂದೆ ವೀಳ್ಯದೆಲೆ ವ್ಯಾಪಾರಿ. ಊರಿನ ಪೌರಾಣಿಕ ನಾಟಕಗಳಲ್ಲಿ ಪಾತ್ರ ಮಾಡಿ ಹೆಸರಾದವರು. ಉಪ್ಪಿಟ್ಟು, ಕೇಸರಿಬಾತು ಬಂದವು. ಹುಡುಗಿ ಬಂದು ಚಾಪೆಯ ಅಂಚಿನಲ್ಲಿ ಕೂತಳು. "ಏನಾದ್ರೂ ಕೇಳೋದಿದ್ರೆ ಕೇಳಪ್ಪ" ಎಂದರು ತಂದೆ. ಆ ಕಾಲದಲ್ಲಿ ಕೇಳುವುದೆಂದರೆ ಹಾಡು ಬರುತ್ತದಾ, ಎಷ್ಟು ಓದಿದ್ದೀಯ, ಇಷ್ಟೇ. ಪುಟ್ಟಸ್ವಾಮಿ ಗಂಭೀರವಾಗಿ ಪ್ಯಾಂಟಿನ ಜೇಬಿಗೆ ಕೈ ಹಾಕಿ, ಚಾಕು ತೆಗೆದು, ಹುಡುಗಿಯ ಮುಂದೆ ಚಾಚಿದ.

"ಇದನ್ನ ತೆಗೀರಿ ನೋಡಾನ."

ಹುಡುಗಿ ಚಾಪೆ ಬಿಟ್ಟು ಹಿಂದಕ್ಕೆ ಜರುಗಿದಳು. ಅಡುಗೆಮನೆಯ ಬಾಗಿಲಲ್ಲಿದ್ದ ಅಜ್ಜಿ, "ಇದೇನ್ಲಾ ಇದು, ಹೆಣ್ ನೋಡಕ್ ಬಂದ್ಯೋ ಕೊಲೆ ಮಾಡಕ್ ಬಂದ್ಯೋ?" ಎಂದು ಕೂಗಿದಳು. ನಾನು "ಹಾಗಲ್ಲ, ಅದು ತೆರೆಯೋದೇ ಇಲ್ಲ" ಎನ್ನುವಷ್ಟರಲ್ಲಿ ತಂದೆ ಎದ್ದು ನಿಂತಿದ್ದರು. ಅವರೊಳಗಿನ ಕಲಾವಿದ ಎಷ್ಟು ವರ್ಷದಿಂದ ಇಂಥ ಗಳಿಗೆಗಾಗಿ ಕಾದಿದ್ದನೋ! ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಎದೆ ಮುಂದೆ ಮಾಡಿ, ಇಡೀ ಬೀದಿಗೆ ಕೇಳುವ ಹಾಗೆ, "ಎಲವೋ! ಮೊದಲು ಈ ಎದೆಯನ್ನು ಸೀಳು! ಅನಂತರ ನನ್ನ ಮಗಳ ಮಾತು!" ಎಂದರು. ಕಿಟಕಿಯಲ್ಲಿ ಜನ ಸೇರಿದರು. ಯಾರೋ ಚಪ್ಪಾಳೆಯನ್ನೂ ತಟ್ಟಿದರು. ನಾವು ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ಬಸ್‌ಸ್ಟ್ಯಾಂಡಿನವರೆಗೂ ಓಡಿದೆವು.

ಬಸ್ಸಿನಲ್ಲಿ ಪುಟ್ಟಸ್ವಾಮಿ ಬೇಸರದಿಂದ, "ಕೈಗೇ ತಗೊಳ್ಳಿಲ್ಲ ಕಣಯ್ಯ. ಹಿಡಿ ಆದ್ರೂ ನೋಡ್ಬೋದಿತ್ತು" ಎಂದ.

ಸುದ್ದಿಗೆ ಬಸ್ಸು ಬೇಕಾಗಿರಲಿಲ್ಲ. ಗುಬ್ಬಿಯಲ್ಲಿ ಹುಟ್ಟಿದ್ದು ತುಮಕೂರಿಗೆ ಬರುವ ಹೊತ್ತಿಗೆ ಬಲಿತು, ಕುಣಿಗಲ್ಲು ತಲುಪುವಾಗ ಮೀಸೆ ಬಿಟ್ಟಿತ್ತು. ಹೆಣ್ಣು ಕೊಡಲ್ಲ ಅಂದರೆ ಚಾಕು ಹಾಕುವ ಗಂಡು ಅಂತ. ಪರಿಚಯದವರು ತಾವಾಗಿಯೇ ಕುಣಿಗಲ್ಲಿನ ಹೆಣ್ಣೊಂದನ್ನು ಸೂಚಿಸಿದರೂ ನಮ್ಮ ಜೊತೆ ಬರಲು ಮಾತ್ರ ಒಪ್ಪಲಿಲ್ಲ. ಈ ಸಲ ನಾನು ಹುಷಾರಾದೆ. ಬಸ್ಸಿನಿಂದ ಇಳಿದದ್ದೇ, "ಎಲ್ಲಿ, ಅದನ್ನ ಇಲ್ಲಿ ಕೊಡು" ಎಂದು ಚಾಕು ಕಿತ್ತುಕೊಂಡು ನನ್ನ ಜೇಬಿಗೆ ಹಾಕಿಕೊಂಡೆ. ಪುಟ್ಟಸ್ವಾಮಿಯ ಕೈ ಏನು ಮಾಡಬೇಕೆಂದು ತೋಚದೆ ದಾರಿಯುದ್ದಕ್ಕೂ ತೆರೆದುಕೊಂಡೇ ಇತ್ತು.

ಹೆಣ್ಣಿನ ಹೆಸರು ಶಾರದ. ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಊರಿನ ಅರ್ಧ ಹೆಂಗಸರಿಗೆ ರವಿಕೆ ಹೊಲಿಯುತ್ತಿದ್ದಳು. ನಾವು ಒಳಗೆ ಹೋದರೆ ನಡುಮನೆಯಲ್ಲಿ ಹೆಂಗಸರೇ ಇಲ್ಲ. ಗೋಡೆಗೊರಗಿ ದಪ್ಪ ತೋಳಿನ ಗಂಡಸರು ಸಾಲಾಗಿ ಕೂತಿದ್ದಾರೆ. ಅವರ ನಡುವೆ ಲುಂಗಿ ಉಟ್ಟು, ಆದರೆ ಪೊಲೀಸ್ ಬೂಟು ಹಾಕಿಕೊಂಡ ಒಬ್ಬರು. ಹುಡುಗಿಯ ಸೋದರಮಾವ, ಹೆಡ್ ಕಾನ್‌ಸ್ಟೇಬಲ್ಲು ಎಂದು ಆಮೇಲೆ ತಿಳಿಯಿತು. ಎಲ್ಲರ ಕಣ್ಣೂ ಪುಟ್ಟಸ್ವಾಮಿಯ ಜೇಬಿನ ಮೇಲೆ. ಬಿಸಿಲಲ್ಲಿ ನಡೆದು ಬೆವರಿದ್ದ ಅವನು ಕರ್ಚೀಫಿಗೆಂದು ಜೇಬಿಗೆ ಕೈ ಹಾಕಿದ. ಅಷ್ಟೇ! ಸಾಲು ಸಾಲೇ ಎದ್ದು ಅವನ ಮೇಲೆ ಬಿತ್ತು. ಸೋದರಮಾವ ಅವನ ಕೈಯನ್ನು ಬೆನ್ನಿಗೆ ತಿರುಚಿ, ಎಲ್ಲ ಜೇಬುಗಳನ್ನೂ ಹೊರಕ್ಕೆಳೆದರು. ಸಿಕ್ಕಿದ್ದು ಕರ್ಚೀಫು, ಬಸ್ ಟಿಕೆಟು ಮತ್ತು ಎರಡು ಅಡಿಕೆ ಚೂರು.

ಆಗ ಆ ಮನೆಯಲ್ಲಿ ಹರಡಿದ ನಿರಾಸೆಯನ್ನು ನೀವು ನೋಡಬೇಕಿತ್ತು. "ಇಲ್ವಾ?" ಎಂದರು ಒಬ್ಬರು. "ಸುಮ್ನೆ ಹೇಳವ್ರೆ ಬುಡು" ಎಂದರು ಇನ್ನೊಬ್ಬರು, ದುಃಖದಿಂದ. ಅಷ್ಟರಲ್ಲಿ ಒಳಕೋಣೆಯ ಪರದೆ ಸರಿಸಿಕೊಂಡು ಶಾರದಳೇ ಬಂದಳು, ಕತ್ತಿಗೆ ಇನ್ನೂ ಅಳತೆ ಟೇಪು ಹಾಕಿಕೊಂಡೇ.

"ಎಲ್ಲಿ ಚಾಕು?" ಎಂದಳು.

ನಾನು ನೆಲ ನೋಡಿದೆ. ಪುಟ್ಟಸ್ವಾಮಿ ನನ್ನನ್ನು ನೋಡಿದ. ಆಮೇಲೆ ಎಲ್ಲರೂ ನನ್ನನ್ನು ನೋಡಿದರು. ಚಾಕು ತೆಗೆದು ಚಾಪೆಯ ಮೇಲಿಟ್ಟೆ. "ಓ, ಇವ್ನೇ ಏನು ಚಾಕು ಹಾಕೋನು? ನೋಡಕ್ ಮೇಷ್ಟ್ರು ಇದ್ದಂಗವ್ನೆ!" ಎಂದರು ಸೋದರಮಾವ. ಈ ಆರೋಪ ಇಂದಿಗೂ ಕುಣಿಗಲ್ಲಿನ ಕೆಲವು ಮನೆಗಳಲ್ಲಿ ನನ್ನ ಮೇಲೆ ಇದೆ.

ಚಾಕು ಸಾಲಿನಲ್ಲಿ ಕೈಯಿಂದ ಕೈಗೆ ಹೋಯಿತು. ದಪ್ಪ ತೋಳಿನವರು ಒಬ್ಬೊಬ್ಬರಾಗಿ ಎಳೆದು, ಉಗುರು ಬಾಯಿಗಿಟ್ಟುಕೊಂಡರು. ಸೋದರಮಾವ ಬೂಟಿನ ಅಂಚಿಗೆ ಸಿಕ್ಕಿಸಿ ಎಳೆದು, ಬೂಟನ್ನೇ ಕಿತ್ತುಕೊಂಡರು. ತೆರೆಯಲಾಗದಿದ್ದರೂ ಯಾರೂ ಬೇಗ ಕೆಳಗಿಡಲಿಲ್ಲ. "ಕೈಗೆ ಹೆಂಗ್ ಕೂತ್ಕತದೆ ನೋಡು" ಎಂದು ಸವರುತ್ತ ಕೂತರು. ಮನೆಯ ಬಿಗಿ ಸಡಿಲವಾಗಿ, ಒಳಗಿನಿಂದ ಹೆಂಗಸರೂ ಕಾಫಿಯೂ ಹೊರಗೆ ಬಂದವು. ಕೊನೆಗೆ ಚಾಕು ಶಾರದಳ ಕೈಗೆ ಬಂತು. ಪುಟ್ಟಸ್ವಾಮಿ ಮುಂದಕ್ಕೆ ಬಾಗಿದ.

ಅವಳು ಉಗುರು ಹಾಕಲೇ ಇಲ್ಲ. ಹಿಡಿಯನ್ನು ಒಮ್ಮೆ ಅಮುಕಿ ನೋಡಿ, ಅದನ್ನು ಪುಟ್ಟಸ್ವಾಮಿಯ ಮುಂದೆಯೇ ಚಾಚಿದಳು. "ಹಿಡಿ ಚೆನ್ನಾಗೈತೆ. ನೀವು ಹೆಂಗೆ ತೆಗೀತೀರ, ತೋರ್ಸಿ."

ಕೋಣೆಯಲ್ಲಿ ಅಷ್ಟು ವರ್ಷ ಅವನ ಜೊತೆಗಿದ್ದ ನನಗೆ ಆಗ ಮೊಟ್ಟಮೊದಲ ಬಾರಿಗೆ ಹೊಳೆಯಿತು: ಆ ಚಾಕುವಿನ ಅಲಗನ್ನು ನಾನು ಯಾವತ್ತೂ ನೋಡಿಯೇ ಇರಲಿಲ್ಲ. ಪುಟ್ಟಸ್ವಾಮಿ ಅದನ್ನು ಕೈಗೆ ತೆಗೆದುಕೊಂಡ. ಉಗುರಿಟ್ಟ. ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು. ಅವನು ಚಾಕುವನ್ನು ಮಡಿಲಿಗಿಳಿಸಿ ತಲೆ ತಗ್ಗಿಸಿದ.

"ನನ್ಗೂ ಬರಲ್ಲ" ಎಂದ. "ಯಾವತ್ತೂ ಬಂದಿಲ್ಲ. ತಗೊಳ್ಳೋವಾಗ ಅಂಗ್ಡಿಯೋನು ತೆಗ್ದು ತೋರಿಸ್ಲಾ ಅಂದ. ಹಿಡಿ ಕೈಗೆ ಕೂತ್ಬುಡ್ತು, ಬ್ಯಾಡ ಅಂದ್ಬುಟ್ಟೆ. ಆಮೇಲೆ ಯಾರಾದ್ರೂ ತೆಗೆಯೋರು ಸಿಕ್ತಾರೇನೋ ಅಂತ..."

ಪಾಪ, ಊರವರ ಗುಣ ಅಳೆದ ಮನುಷ್ಯ ಅಷ್ಟು ಜನರ ನಡುವೆ ಜೇಬುಗಳು ಹೊರಬಿದ್ದ ಪ್ಯಾಂಟಿನಲ್ಲಿ ಕೂತಿದ್ದ. ಸೋದರಮಾವ ನಗಲು ಬಾಯಿ ತೆರೆದರು. ಶಾರದ ಅವರ ಕಡೆ ಒಂದು ನೋಟ ಬೀರಿದಳು, ಬಾಯಿ ಮುಚ್ಚಿತು. "ಬರಲ್ಲ ಅಂತ ಬಾಯ್ಬಿಟ್ಟು ಹೇಳೋ ಗಂಡಸ್ನ ಇವತ್ತೇ ಕಣಮ್ಮ ನೋಡಿದ್ದು" ಎಂದು ತಾಯಿಯ ಕಡೆ ತಿರುಗಿ ಹೇಳಿ, ಒಳಗೆ ಹೋದಳು. ಮದುವೆ ನಿಶ್ಚಯವಾಯಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ನನ್ನ ಉಗುರು ಕ್ಷೇಮವಾಗಿರುತ್ತಿತ್ತು.

ಅವರು ತುಮಕೂರಿನಲ್ಲೇ ಬೇರೆ ಮನೆ ಮಾಡಿದರು. ನಾನು ಗಿರಣಿಯ ಹಿಂದೆಯೇ ಉಳಿದೆ. ಮದುವೆಯಾಗಿ ಹೆಚ್ಚು ದಿನವಾಗಿರಲಿಲ್ಲ. ಒಂದು ಸಂಜೆ ಪುಟ್ಟಸ್ವಾಮಿ ದಿಂಬು ಸಮೇತ ನನ್ನ ಕೋಣೆಗೆ ಬಂದು ಚಾಪೆಯ ಮೇಲೆ ಕುಸಿದ.

"ಶಾರದ ತೆಗ್ದ್ಬುಟ್ಲು ಕಣಯ್ಯ" ಎಂದ.

ಪೆಟ್ಟಿಗೆಯೋ, ಬೀರುವೋ, ಯಾವುದೋ ಹಳೆಯ ವಿಷಯವೋ ಎಂದು ನಾನು ಗಾಬರಿಯಾದೆ. ವಿಷಯ ಇಷ್ಟೇ. ಅವಳು ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಾಗ ಚಾಕು ಪಕ್ಕದಲ್ಲೇ ಬಿದ್ದಿತ್ತು. ಹೇಗೂ ಎಣ್ಣೆಯ ಡಬ್ಬಿ ಕೈಯಲ್ಲಿದೆ ಎಂದು ಅದಕ್ಕೂ ಒಂದು ತೊಟ್ಟು ಬಿಟ್ಟು ಬಿಸಿಲಿಗಿಟ್ಟಳು. ಮಧ್ಯಾಹ್ನ ದಾರ ಕತ್ತರಿಸಲು ಕತ್ತರಿ ಸಿಗಲಿಲ್ಲ. ಚಾಕು ಎತ್ತಿಕೊಂಡು ಉಗುರು ಹಾಕಿದಳು. ತೆರೆದುಕೊಂಡಿತು. ಕಾರ್ಖಾನೆಯಿಂದ ಬಂದ ಪುಟ್ಟಸ್ವಾಮಿ ಮೇಜಿನ ಮೇಲೆ ಬತ್ತಲೆ ಅಲಗು ಮಲಗಿದ್ದನ್ನು ಕಂಡು, ಬೇರೆಯವರ ಬಚ್ಚಲಿಗೆ ನುಗ್ಗಿದವನಂತೆ ಹಿಂದಕ್ಕೆ ಹೆಜ್ಜೆ ಇಟ್ಟನಂತೆ.

"ಸಂತೋಷ ಪಡೋ ವಿಷಯ ಅಲ್ವೇನೋ?" ಎಂದೆ.

"ಸಂತೋಷಾನೂ ಪಟ್ಟೆ. ದಾರ ಕುಯ್ದೆ, ಸೌತೆಕಾಯಿ ಕುಯ್ದೆ, ಪೇಪರು ಕುಯ್ದೆ. ಆಮೇಲೆ ಏನೂ ಇಲ್ಲ ಕಣಯ್ಯ. ಈಗ ಅದು ಬರೀ ಚಾಕು. ಮುಚ್ಕೊಂಡಿದ್ದಾಗ ಏನ್ ಬೇಕಾದ್ರೂ ಆಗ್ಬೋದಿತ್ತು."

ಮರುದಿನ ಶಾರದ ಬಂದಳು. ಅವನು ಎದುರಿಗೇ ಕೂತಿದ್ದರೂ ನನ್ನ ಮೂಲಕವೇ ಮಾತು. "ಸಾರ್, ಇವ್ರು ಮನೆಗ್ ಬರ್ತಾರಾ ಇಲ್ವಾ ಕೇಳಿ. ತಮ್ಮ ಕೈಲಾಗ್ದಿದ್ದು ಹೆಂಗಸು ಮಾಡುದ್ಲು ಅಂತ ಕೋಪಾನಾ ಕೇಳಿ." ನಾನು ಕೇಳಿದೆ. "ಅದಲ್ಲ ಅಂತ ಹೇಳಯ್ಯ" ಎಂದ ಪುಟ್ಟಸ್ವಾಮಿ. ದಿಂಬನ್ನು ಪಕ್ಕಕ್ಕೆ ಸರಿಸಿ, "ಅದೂ ಒಸಿ ಐತೆ ಅಂತಾನೂ ಹೇಳು" ಎಂದ. ಗಿರಣಿ ಶುರುವಾಗಿ ಮೂವರೂ ನಡುಗತೊಡಗಿದೆವು. ಅವಳ ಕಣ್ಣಲ್ಲಿ ನೀರು ಕಂಡಿತು. ಹಿಟ್ಟು ಬಿದ್ದಿತ್ತೋ ಏನೋ, ನಾನು ಕೇಳಲಿಲ್ಲ. ಅವಳು ಸೆರಗಿನಿಂದ ಒರೆಸಿಕೊಂಡು, ಗಿರಣಿಯ ಸದ್ದಿನ ಮೇಲೆ ಕೂಗಿ ಕೇಳಿದಳು:

"ಸಾರ್, ನೀವು ಸೈನ್ಸ್ ಓದಿರೋರು. ಕಬ್ಬಿಣಕ್ಕೆ ಬೇಗ ತುಕ್ಕು ಹಿಡ್ಸೋದ್ ಹೆಂಗೆ?"

ನಾನು ಓದಿದ್ದು ಜನರಿಗೆ ಉಪಯೋಗವಾದದ್ದು ಅದೊಂದೇ ಸಲ. ಎಣ್ಣೆಯನ್ನು ಸೀಗೆಪುಡಿಯಲ್ಲಿ ತಿಕ್ಕಿ ತೊಳೆಯಲು ಹೇಳಿದೆ. ಆಮೇಲೆ ಉಪ್ಪುನೀರು. ಮುಳುಗಿಸಿಡುವುದಲ್ಲ, ನೆನೆಸಿ ಗಾಳಿಗಿಡುವುದು, ಮತ್ತೆ ನೆನೆಸುವುದು. ದಿಂಬು ಸಮೇತ ಪುಟ್ಟಸ್ವಾಮಿ ಹಿಂದಿರುಗಿದ. ಮಳೆಗಾಲ ಬೇರೆ. ನಾನು ಹೋದಾಗೆಲ್ಲ ಅವರ ಕಿಟಕಿಯಲ್ಲಿ ಲೋಟವೊಂದರ ಪಕ್ಕ ಮಡಚಿದ ಚಾಕು ಒದ್ದೆಯಾಗಿ ಮಲಗಿರುತ್ತಿತ್ತು. ಗಂಡ ಹೆಂಡತಿ ಇಬ್ಬರೂ ಅದರ ಮೇಲೆ ಬಗ್ಗಿರುತ್ತಿದ್ದರು. ತೊಟ್ಟಿಲೊಳಗಿನ ಮಗುವಿಗೆ ಹಲ್ಲು ಬಂತೇ ಎಂದು ನೋಡುವವರ ಹಾಗೆ.

"ಮೂಲೇಲಿ ಒಂಚೂರು ಕೆಂಪಗೆ ಕಾಣ್ತೈತೆ, ನೋಡಿ" ಎನ್ನುತ್ತಿದ್ದಳು ಅವಳು.

"ಅದು ಮಣ್ಣು ಕಣೇ. ಇನ್ನೂ ಹಿಡ್ದಿಲ್ಲ."

"ಮಜ್ಜಿಗೆ ಹಾಕಾನ?"

"ಸಾರ್ನ ಕೇಳು."

ಸಾರ್ ಆದ ನಾನು ಮಜ್ಜಿಗೆಗೂ ಒಪ್ಪಿಗೆ ಕೊಟ್ಟೆ. ಒಂದು ಭಾನುವಾರ ಪುಟ್ಟಸ್ವಾಮಿ ಸೈಕಲ್ ತುಳಿದುಕೊಂಡು ಬಂದು ನನ್ನನ್ನು ಕ್ಯಾರಿಯರಿನ ಮೇಲೆ ಹೇರಿಕೊಂಡು ಹೋದ. ಅವನಿಂದ ತೆರೆಯಲಾಗಿರಲಿಲ್ಲ. ಶಾರದಳಿಂದಲೂ ಆಗಿರಲಿಲ್ಲ. ಆದರೆ ಇಬ್ಬರಿಗೂ ಪರಸ್ಪರ ಗುಮಾನಿ, ತನಗೆ ಸಂತೋಷವಾಗಲೆಂದು ಇನ್ನೊಬ್ಬರು ನಾಟಕ ಮಾಡುತ್ತಿರಬಹುದೇ ಎಂದು. ನಿಷ್ಪಕ್ಷಪಾತಿಯಾದ ಉಗುರೊಂದು ಬೇಕಾಗಿತ್ತು. ನಾನು ಹೆಬ್ಬೆರಳ ಉಗುರನ್ನು ಗೀರಿಗೆ ಸಿಕ್ಕಿಸಿ, ವಿಜ್ಞಾನದ ಮರ್ಯಾದೆಗೆ ತಕ್ಕಂತೆ ಬಲವಾಗಿ ಎಳೆದೆ. ಉಗುರು ಅರ್ಧಕ್ಕೆ ಕಿತ್ತು ಬಂತು. ನಾನು ನೋವಿನಿಂದ ಕುಣಿಯುತ್ತಿದ್ದರೆ ಅವರಿಬ್ಬರೂ ಆನಂದದಿಂದ ಕುಣಿಯುತ್ತಿದ್ದರು. ಪುಟ್ಟಸ್ವಾಮಿ ನನ್ನನ್ನು ತಬ್ಬಿಕೊಂಡ. ಶಾರದ ಬೆರಳಿಗೆ ಅರಿಶಿನ ಮೆತ್ತಿ, ರವಿಕೆ ಬಟ್ಟೆಯ ಹೂವಿನ ಚೂರು ಕಟ್ಟಿದಳು. ಅವತ್ತು ಒಬ್ಬಟ್ಟಿನ ಊಟ. ಬಲಗೈ ಕೆಲಸಕ್ಕೆ ಬಾರದ್ದರಿಂದ ನಾನು ಎಡಗೈಯಲ್ಲಿ ಉಂಡೆ. ಒಂದು ತುಕ್ಕಿಗಾಗಿ ಅಷ್ಟು ಸಡಗರ ಪಟ್ಟ ಮನೆಯನ್ನು ನಾನು ಮತ್ತೆ ಕಂಡಿಲ್ಲ.

ಆ ಚಾಕು ಎಂಬತ್ತರ ದಶಕದ ಮಧ್ಯದಲ್ಲಿ ಯಾವುದೋ ಕುಣಿಗಲ್ ಬಸ್ಸಿನಲ್ಲಿ ಕಳೆದುಹೋಯಿತು. ಪುಟ್ಟಸ್ವಾಮಿಯ ಕೈ ಕೆಲವು ತಿಂಗಳು ಗಾಳಿಯಲ್ಲೇ ಅದನ್ನು ಹಿಡಿದುಕೊಂಡಿತ್ತು, ಆಮೇಲೆ ಮಕ್ಕಳನ್ನು ಹಿಡಿಯಲು ಕಲಿಯಿತು. ಎಲ್ಲೋ ಯಾರೋ ಇಂದಿಗೂ ಅದಕ್ಕೆ ಉಗುರು ಹಾಕುತ್ತ ಕೂತಿರಬಹುದು.

ಇಷ್ಟೆಲ್ಲ ನೆನಪಾದ ಮೇಲೆ ಮೊನ್ನೆ ಅಂಗಡಿಯಿಂದ ನೇರ ಮನೆಗೆ ಹೋಗಲು ಮನಸ್ಸಾಗಲಿಲ್ಲ. ಆಟೋ ಹಿಡಿದು ಪುಟ್ಟಸ್ವಾಮಿಯ ಮನೆಗೆ ಹೋದೆ. ವಾರದ ಹಿಂದೆ ಶಾರದಮ್ಮ ಅಂಗಳದಲ್ಲಿ ಜಾರಿ, ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದರು. ನನಗೆ ತಿಳಿದೇ ಇರಲಿಲ್ಲ. ಹಜಾರದಲ್ಲಿ ಅವರು ದಿಂಬಿಗೊರಗಿ ಕೂತಿದ್ದರು. ಪಕ್ಕದ ಸ್ಟೂಲಿನ ಮೇಲೆ ಪುಟ್ಟಸ್ವಾಮಿ ಕಿತ್ತಳೆಹಣ್ಣು ಸುಲಿಯುತ್ತಿದ್ದ, ಬರಿಗೈಯಲ್ಲಿ. ಸಿಪ್ಪೆ ತೆಗೆದು, ತೊಳೆ ಬಿಡಿಸಿ, ಪ್ರತಿ ತೊಳೆಯ ಬಿಳಿ ನಾರನ್ನೂ ಉಗುರ ತುದಿಯಿಂದ ಎಳೆಎಳೆಯಾಗಿ ಬಿಡಿಸುತ್ತಿದ್ದ.

"ಕೂತ್ಕೊಳಯ್ಯ" ಎಂದ, ತಲೆಯೆತ್ತದೆ. "ಇವಳ್ಗೆ ನಾರು ಇದ್ರೆ ಆಗಲ್ಲ."

ನನಗೂ ಒಂದು ಹಣ್ಣು ಕೊಟ್ಟ. ಹಿಂದೆಲ್ಲ ಅವನ ಎದುರು ಏನನ್ನಾದರೂ ಬಿಚ್ಚುವಾಗ ನನಗೆ ಪರೀಕ್ಷೆಗೆ ಕೂತ ಅಳುಕು. ಈಗ ನಾನು ಸಿಪ್ಪೆಯನ್ನು ಅಡ್ಡಾದಿಡ್ಡಿ ಕಿತ್ತೆ, ರಸ ಅಂಗಿಗೆ ಹಾರಿತು. ಅವನು ನೋಡಲೇ ಇಲ್ಲ. ಅವನ ಕಣ್ಣು ಹೆಂಡತಿಯ ಬಾಯಿಯ ಮೇಲಿತ್ತು. ಅವರು ಅಗಿದು ಮುಗಿಸುವುದಕ್ಕೂ ಅವನು ಅಂಗೈ ಚಾಚುವುದಕ್ಕೂ ಸರಿಹೋಯಿತು. ಶಾರದಮ್ಮ ಯಾವ ಸಂಕೋಚವೂ ಇಲ್ಲದೆ ಬೀಜಗಳನ್ನು ಅದರಲ್ಲಿ ಉಗಿದರು.

ನನ್ನ ಬಾಯಲ್ಲೂ ಎರಡು ಬೀಜ ಉಳಿದಿದ್ದವು. ಎಲ್ಲಿ ಹಾಕುವುದೆಂದು ಸುತ್ತ ನೋಡುತ್ತಿದ್ದೆ. ಪುಟ್ಟಸ್ವಾಮಿ ಅದೇ ಅಂಗೈಯನ್ನು ನನ್ನ ಗದ್ದದ ಕೆಳಗೆ ಹಿಡಿದ.

"ಉಗಿಯಯ್ಯ" ಎಂದ. "ನಾಚ್ಕೆ ಯಾತಕ್ಕೆ?"

ಉಗಿದೆ.